ತಪ್ಪಿಲ್ಲದ ಪುಟ

ನಮ್ಮ ಮನೆಯಲ್ಲಿ ಕನ್ನಡಕ್ಕಿಂತ ಭದ್ರವಾದ ಬೀಗ ಇರಲಿಲ್ಲ. ಮುಂಬೈಯಲ್ಲಿ ಬೆಳೆದ ಗಂಡನಿಗೆ ಕನ್ನಡ ಓದಲು ಬರುವುದಿಲ್ಲ. ಮಗಳು ನಾನು ತುಳುವಿನಲ್ಲಿ ಕೇಳಿದ್ದಕ್ಕೆ ಡಚ್ಚಿನಲ್ಲಿ ಉತ್ತರ ಕೊಡುತ್ತಾಳೆ. ಹಾಗಾಗಿ ಆಮ್ಸ್ಟೆಲ್‌ವೀನ್ ಎಂಬ ಡಚ್ ಊರಿನ ಈ ಮನೆಯ ಊಟದ ಮೇಜಿನ ಮೇಲೆ ನಾನು ಏನು ಬರೆದು ಹರಡಿಟ್ಟರೂ ಅದು ತಿಜೋರಿಯಲ್ಲಿಟ್ಟ ಹಾಗೆಯೇ. ಈ ಅಭ್ಯಾಸ ಎಷ್ಟು ಗಟ್ಟಿಯೆಂದರೆ, ಕಳೆದ ಏಪ್ರಿಲ್‌ನಲ್ಲಿ ಉಡುಪಿಯಿಂದ ಅಕ್ಕ ಬಂದು ನಮ್ಮಲ್ಲಿ ಉಳಿದಾಗಲೂ ಹಾಳೆಗಳನ್ನು ಎತ್ತಿಡಬೇಕೆಂದು ನನಗೆ ಹೊಳೆಯಲಿಲ್ಲ. ಅಕ್ಕ ಇಡೀ ಜೀವಮಾನ ಕನ್ನಡ ಟೀಚರ್ ಆಗಿದ್ದವಳು.

ನಾನು ಬರೆಯುತ್ತಿದ್ದ ಪುಸ್ತಕ ಇನ್ನೂರು ವರ್ಷಗಳ ಹಿಂದಿನ ಒಬ್ಬ ಇಂಗ್ಲಿಷ್ ಕಾದಂಬರಿಗಾರ್ತಿಯ ಮನೆಯವರ ಬಗ್ಗೆ. ಅವಳ ಕಾದಂಬರಿಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನನಗೆ ಬೇಕಾದದ್ದು ಅವಳ ಅಮ್ಮ, ಅಣ್ಣತಮ್ಮಂದಿರು, ಅಕ್ಕ. ಅದರಲ್ಲೂ ಅಕ್ಕ. ತಂಗಿ ತನಗೆ ಬರೆದ ಕಾಗದಗಳಲ್ಲಿ ಹೆಚ್ಚಿನವನ್ನು ಆಕೆ ತಂಗಿ ತೀರಿಕೊಂಡ ಮೇಲೆ ಸುಟ್ಟಳು, ಉಳಿದವುಗಳಲ್ಲಿ ಕೆಲವಕ್ಕೆ ಕತ್ತರಿ ಹಾಕಿದಳು. ಇಂಗ್ಲಿಷಿನಲ್ಲಿ ಅವಳು ಬರೀ ಸಿಸ್ಟರ್. ಕನ್ನಡದಲ್ಲಿ ಅಕ್ಕ ಎಂದು ಬರೆದ ಕೂಡಲೇ ನನಗೆ ಸಿಟ್ಟು ಇನ್ನಷ್ಟು ಏರಿತ್ತು. ಅಕ್ಕನಾದವಳು ಹೀಗೆ ಮಾಡುವುದೇ ಎಂದು ಒಂದು ಅಧ್ಯಾಯದಲ್ಲಿ ಪುಟಗಟ್ಟಲೆ ಬೈದಿದ್ದೆ.

ಅದೇ ಅಧ್ಯಾಯದಲ್ಲಿ ಅವರ ಅಮ್ಮನೂ ಬರುತ್ತಾಳೆ. ಆ ತಾಯಿ ಪ್ರತಿ ಮಗುವನ್ನೂ ಕೆಲವು ತಿಂಗಳು ತನ್ನ ಹತ್ತಿರ ಇಟ್ಟುಕೊಂಡು, ಆಮೇಲೆ ಹಳ್ಳಿಯ ಒಂದು ಮನೆಗೆ ಸಾಕಲು ಕೊಡುತ್ತಿದ್ದಳು. ನಡೆದು ಮಾತಾಡುವಷ್ಟಾದ ಮೇಲೆ ಮಗು ವಾಪಸು. ಹಾಗೆ ಕೊಟ್ಟು ಬರುವಾಗ ಅವಳಿಗೆ ಏನನ್ನಿಸುತ್ತಿತ್ತೋ, ನನಗೆ ಎಲ್ಲೂ ಸಿಗಲಿಲ್ಲ. ಸಿಗದ ಕಡೆ ನಾನು ನನ್ನ ಅಕ್ಕನನ್ನು ತಂದು ಕೂರಿಸಿದೆ.

ನಾನು ಇಲ್ಲಿನ ಲೈಡನ್ನಿನಲ್ಲಿ ಓದುತ್ತಿದ್ದಾಗ ಅಕ್ಕನಿಗೆ ಮಗ ಹುಟ್ಟಿದ್ದ. ನಾವು ಆಡುವುದು ತುಳು, ಬರೆಯುವುದು ಕನ್ನಡ. ಬಾಯಲ್ಲಿ ಹೇಳಲಾಗದ್ದನ್ನು ಅಕ್ಕ ಕನ್ನಡದಲ್ಲಿ ಬರೆಯುತ್ತಿದ್ದಳು. ಬಾಣಂತನದಲ್ಲಿ ಬರೆದ ಒಂದು ಕಾಗದದಲ್ಲಿ ಹೀಗಿತ್ತು: "ಈ ಮಗುವನ್ನು ಎತ್ತಿಕೊಳ್ಳಬೇಕೆಂದು ನನಗೆ ಅನ್ನಿಸುವುದಿಲ್ಲ. ಹಾಲಿಗೆ ಅಮ್ಮ ತಂದು ಮಡಿಲಲ್ಲಿಡುತ್ತಾರೆ, ಆಮೇಲೆ ಅವರೇ ತೆಗೆದುಕೊಂಡು ಹೋಗುತ್ತಾರೆ. ಯಾರದೋ ಮಗುವಿನ ಕೆಲಸಕ್ಕೆ ನನ್ನನ್ನು ಇಟ್ಟ ಹಾಗೆ. ಇದನ್ನು ಯಾರಿಗೂ ಹೇಳಬೇಡ." ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಅಧ್ಯಾಯಕ್ಕೆ ಸೇರಿಸಿದ್ದೆ. 'ನನ್ನ ಪರಿಚಯದ ಒಬ್ಬ ತಾಯಿ' ಎಂದು ಬರೆದಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಒಂದು ಶನಿವಾರ ಬೆಳಿಗ್ಗೆ ಅಕ್ಕನಿಗೆಂದು ಕುಚ್ಚಲಕ್ಕಿ ತರಲು ಸೈಕಲ್ ಹತ್ತಿ ಇಂಡಿಯನ್ ಅಂಗಡಿಗೆ ಹೋದೆ. ವಾಪಸು ಬಂದಾಗ ಅಕ್ಕ ಮೇಜಿನ ಮುಂದೆ ಕೂತಿದ್ದಳು, ಕನ್ನಡಕ ಹಾಕಿಕೊಂಡು. ಮುಂದೆ ಆ ಅಧ್ಯಾಯದ ಪ್ರಿಂಟ್, ಬೆರಳು ಒಂಬತ್ತನೇ ಪುಟದ ಮೇಲೆ. ಮಾತು ತುಳುವಿನಲ್ಲೇ ನಡೆಯಿತು. ಇಲ್ಲಿ ಅದನ್ನು ನಮ್ಮ ಊರಿನ ಕನ್ನಡಕ್ಕೆ ಇಳಿಸಿದ್ದೇನೆ.

"ಇದು ಯಾರು?"

"ಒಬ್ರು ಪರಿಚಯದವ್ರು."

"ಸುಳ್ಳು ಹೇಳ್ಬೇಡ ಮಾರಾಯ್ತಿ. ನಾನು ಬರ್ದದ್ದು ನಂಗೆ ಗೊತ್ತಾಗುದಿಲ್ವಾ?"

ನಾನು ಸಮರ್ಥನೆಗೆ ಇಳಿದೆ. ಹೆಸರಿಲ್ಲ, ಊರಿಲ್ಲ. ಎಷ್ಟೋ ತಾಯಂದಿರಿಗೆ ಹೀಗಾಗುತ್ತದೆ, ಓದಿದವರಿಗೆ ಧೈರ್ಯ ಬರುತ್ತದೆ. ನನ್ನ ಮಗಳು ಹುಟ್ಟಿದಾಗ ಇಲ್ಲಿ ಬಾಣಂತಿ ಆರೈಕೆಗೆ ಮನೆಗೆ ಬರುತ್ತಿದ್ದ ಡಚ್ ಹೆಂಗಸು, ಮಗುವನ್ನು ನೋಡಿದರೆ ಏನನ್ನಿಸುತ್ತದೆ ಎಂದು ದಿನಾ ನೇರವಾಗಿ ಕೇಳಿ ಬರೆದುಕೊಳ್ಳುತ್ತಿದ್ದಳು. ಅದರಲ್ಲಿ ನಾಚಿಕೆ ಏನು? ಅಕ್ಕ ಪೂರ್ತಿ ಕೇಳಿದಳು.

"ನಿಂಗೆ ಕೇಳ್ಲಿಕ್ಕೆ ಅವಳಿದ್ಲು. ನಂಗೆ ಯಾರು ಕೇಳಿದ್ದು? ನಾನು ನಿಂಗೆ ಒಬ್ಬಳಿಗೆ ಹೇಳಿದ್ದು." ಹಾಳೆಗಳನ್ನು ಹಿಂದಕ್ಕೆ ಮಗುಚಿದಳು. "ಕಾಗದ ಸುಟ್ಟಳು ಅಂತ ಆ ಅಕ್ಕನಿಗೆ ಇಷ್ಟು ಬೈದಿದ್ದಿ. ಯಾರಿಗೂ ಹೇಳ್ಬೇಡ ಅಂತ ತಂಗಿಯೇ ಹೇಳಿದ್ರೆ? ನಿಂಗೆ ಗೊತ್ತುಂಟಾ?"

ಸಿಕ್ಕಿಬಿದ್ದಾಗ ನನಗೆ ಸಿಟ್ಟು ಬರುತ್ತದೆ. "ಆಯ್ತು, ಆ ಪುಟ ತೆಗೀತೇನೆ, ಸಾಕಾ?" ಎಂದೆ, ದೊಡ್ಡ ಉಪಕಾರ ಮಾಡುವವಳ ಹಾಗೆ.

"ತೆಗಿ. ಬೇರೆ ಯಾರೂ ನೋಡ್ಲಿಲ್ಲ ಅಲ್ಲ?"

ಚೀಲದಿಂದ ಅಕ್ಕಿ ತೆಗೆಯುತ್ತಿದ್ದ ಕೈ ಅಲ್ಲೇ ನಿಂತಿತು. ನಾನು ಟೈಪ್ ಮಾಡುವುದು ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ. ಪ್ರಕಾಶಕರಿಗೆ ಯೂನಿಕೋಡ್ ಬೇಕು. ಅದನ್ನು ಬದಲಾಯಿಸಿ ಕೊಡುವವನು ಮಂಗಳೂರಿನಲ್ಲಿರುವ ಅಕ್ಕನ ಮಗ. ಈ ಅಧ್ಯಾಯವನ್ನು ಹಿಂದಿನ ದಿನ ಸಂಜೆಯೇ ಅವನಿಗೆ ಕಳಿಸಿಯಾಗಿತ್ತು. ಅವನು ಓದುವವನಲ್ಲ, ಬಟನ್ ಒತ್ತಿ ವಾಪಸು ಕಳಿಸುತ್ತಾನೆ. ಬದಲಾಗುವಾಗ ಒಡೆದುಹೋದ ಅಕ್ಷರಗಳನ್ನು ನಾನೇ ಕೂತು ಸರಿಮಾಡುತ್ತೇನೆ. ಆ ಧೈರ್ಯದಲ್ಲಿ ಅವನ ಕಥೆಯನ್ನು ಅವನ ಕೈಗೇ ಕೊಟ್ಟಿದ್ದೆ.

ಹೇಳಿದೆ. ಅಕ್ಕ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಇಪ್ಪತ್ತನಾಲ್ಕು ವರ್ಷ ಅವನಿಗೆ ಗೊತ್ತಾಗದ ಹಾಗೆ ನೋಡ್ಕೊಂಡೆ" ಎಂದಳು, ಅಷ್ಟೇ.

ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೆಟ್ಟಿಲಿಳಿದು ಬಂದ ಮಗಳು ಏನಾಯಿತೆಂದು ಡಚ್ಚಿನಲ್ಲಿ ಕೇಳಿದಳು, ಏನಿಲ್ಲ ಎಂದು ಗದರಿದೆ. ಅಕ್ಕ ಕುಚ್ಚಲಕ್ಕಿ ತೊಳೆಯಲು ನಿಂತಳು. ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದಳು. ದೇವರಲ್ಲಿ ನಂಬಿಕೆ ಅಷ್ಟಕ್ಕಷ್ಟೇ ಇರುವ ನಾನು ಆ ಅರ್ಧ ಗಂಟೆಯಲ್ಲಿ ಎರಡು ಹರಕೆ ಹೊತ್ತೆ.

ಫೋನ್ ಬರಲಿಲ್ಲ, ಮೇಲ್ ಬಂತು. "ಚಿಕ್ಕಮ್ಮ, ಕನ್ವರ್ಟ್ ಮಾಡಿ ಕಳಿಸಿದ್ದೇನೆ, ನೋಡಿ. ಓದ್ಲಿಕ್ಕೆ ಪುರುಸೊತ್ತಾಗ್ಲಿಲ್ಲ." ನಾನು ಗಟ್ಟಿಯಾಗಿ ಓದಿ ಹೇಳಿದೆ. ಅಕ್ಕ ನಲ್ಲಿ ನಿಲ್ಲಿಸಿ ಕುರ್ಚಿಯಲ್ಲಿ ಕುಸಿದಳು. ನನಗೆ ನಗು ಬಂತು, ಬದುಕಿದೆನಪ್ಪಾ ಎಂಬ ನಗು.

ಪುಟ ಅಳಿಸಿಯೇ ಬಿಡೋಣವೆಂದು ಫೈಲ್ ತೆರೆದೆ. ಅಕ್ಕ ಹಿಂದೆ ಬಂದು ನಿಂತಳು. ಮೊದಲ ಪುಟ ಎಂದಿನ ಹಾಗೆಯೇ: ಅರ್ಕಾವತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ, ಒತ್ತುಗಳೆಲ್ಲ ಚೆಲ್ಲಾಪಿಲ್ಲಿ. ಎಂಟನೇ ಪುಟದವರೆಗೂ ಅದೇ ಅವಸ್ಥೆ. ಒಂಬತ್ತಕ್ಕೆ ಬಂದಾಗ ನನಗಿಂತ ಮೊದಲು ಟೀಚರಿಗೆ ಕಂಡಿತು.

"ಇದ್ರಲ್ಲಿ ಒಂದೂ ತಪ್ಪಿಲ್ಲ ಅಲ್ವಾ" ಎಂದಳು.

ಇರಲಿಲ್ಲ. ಒಡೆದ ಪ್ರತಿಯೊಂದು ಅಕ್ಷರವನ್ನೂ ಯಾರೋ ಕೂತು ಜೋಡಿಸಿದ್ದರು. 'ಎತ್ತಿಕೊಳ್ಳಬೇಕೆಂದು ನನಗೆ ಅನ್ನಿಸುವುದಿಲ್ಲ' ಎಂಬಲ್ಲಿ ಎಲ್ಲ ಒತ್ತುಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಹತ್ತನೇ ಪುಟದಿಂದ ಮತ್ತೆ ಚೆಲ್ಲಾಪಿಲ್ಲಿ.

"ನಾನು ಮಾತಾಡ್ತೇನೆ ಅಕ್ಕ, ಅವನಿಗೆ ಎಂತಾದ್ರೂ ಹೇಳಿ..."

"ನೀನು ಹೇಳಿದ್ದು ಸಾಕು."

ತನ್ನ ಫೋನ್ ತೆಗೆದಳು. ಅಕ್ಕ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವಳು. ಈ ಸಲ ಅವನು ಮೊದಲ ರಿಂಗಿಗೇ ಎತ್ತಿದ.

"ಓದಿದ್ದಿಯಾ?"

ಆ ಕಡೆ ಒಂದು ಬಸ್ಸಿನ ಹಾರನ್ ಕೇಳಿಸಿತು. ಆಮೇಲೆ, "ಹೂಂ."

"ಅದು ನಾನೇ."

"ಗೊತ್ತಾಯ್ತು ಅಮ್ಮ."

ಕ್ಷಮಿಸು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಹೇಳಬೇಕಾಗಿದ್ದ ನನಗೂ ಬಾಯಿ ಬರಲಿಲ್ಲ. ಕೊನೆಗೆ ಅವನೇ ಕೇಳಿದ.

"ಮತ್ತೆ ಯಾವಾಗ ಎತ್ಕೊಂಡದ್ದು ನನ್ನನ್ನು?"

ಅಕ್ಕನಿಗೆ ಯೋಚಿಸಬೇಕಾಗಲಿಲ್ಲ. "ನಲ್ವತ್ತಮೂರನೇ ದಿನ. ಮಧ್ಯಾಹ್ನ. ಕರೆಂಟ್ ಹೋಗಿತ್ತು, ಅಜ್ಜಿ ಸ್ನಾನಕ್ಕೆ ಹೋಗಿದ್ರು. ನಿನ್ನ ಕುತ್ತಿಗೆ ಇಡೀ ಬೆವರುಸಾಲೆ. ಗಾಳಿ ಹಾಕುವ ಅಂತ ಬಗ್ಗಿದೆ, ನೀನು ನನ್ನ ಕರಿಮಣಿ ಹಿಡ್ಕೊಂಡಿ. ಬಿಡ್ಲೇ ಇಲ್ಲ. ಸಂಜೆವರೆಗೆ ನಾನೂ ನಿನ್ನನ್ನು ಕೆಳಗೆ ಇಡ್ಲಿಲ್ಲ."

ಫೋನ್ ಇಟ್ಟ ಮೇಲೆ ಅಕ್ಕ ತುಂಬ ಹೊತ್ತು ಅತ್ತಳು, ನಾನೂ ಅತ್ತೆ. ಮುಖ ತೊಳೆದು ಬಂದು, "ಬರಿಯುದಾದ್ರೆ ಪೂರ್ತಿ ಬರಿ, ಅರ್ಧ ಬರಿಬೇಡ" ಎಂದಳು.

ಆ ನಲವತ್ತಮೂರನೇ ದಿನದ ಬಗ್ಗೆ ನನಗೆ ಕಾಗದ ಬಂದಿರಲಿಲ್ಲ. ಮಗುವನ್ನು ಎತ್ತಿಕೊಂಡ ಮೇಲೆ ಅಕ್ಕ ಎಂಟು ತಿಂಗಳು ನನಗೆ ಒಂದಕ್ಷರ ಬರೆಯಲಿಲ್ಲ. ಲೈಡನ್ನಿನಲ್ಲಿ ದಿನಾ ಅಂಚೆ ಡಬ್ಬಿ ನೋಡಿ, ನನ್ನನ್ನು ಮರೆತೇಬಿಟ್ಟಳೆಂದು ನಾನು ಅವಳಿಗೆ ಬೈದುಕೊಳ್ಳುತ್ತಿದ್ದೆ.