ಸಮುದ್ರ ವಾಪಸ್ ಕೊಟ್ಟ ಸೀರೆ

ಸ್ನೇಹಿತರೇ, ಗೋವಾದಲ್ಲಿದ್ದೇನೆ. ಇವತ್ತು ಬೀಚಿನ ಫೋಟೋ ಮಾತ್ರ ಕೇಳಬೇಡಿ.

ಪಟ್ಟಣಕ್ಕೆ ಅಂಟಿಕೊಂಡ ಬೀಚು, ದೊಡ್ಡ ಅಲೆಯೇ ಇಲ್ಲ, ಮೊಣಕಾಲುದ್ದ ನೀರಿನಲ್ಲಿ ಮಕ್ಕಳು ಆಡುತ್ತಿದ್ದವು. ನಮ್ಮವ್ವ ಮೂರು ಮುಳುಗು ಹಾಕಿ ಬಂದು, ನನ್ನ ಹೆಂಡತಿ ಹಿಡಿದ ಟವೆಲ್ಲಿನ ಮರೆಯಲ್ಲಿ ಬೇರೆ ಸೀರೆ ಉಟ್ಟಳು. ಒದ್ದೆ ಸೀರೆಯನ್ನು ಕೈಮುಗಿದು ಸಮುದ್ರಕ್ಕೆ ಬಿಟ್ಟಳು. ನಂಜನಗೂಡಿನಲ್ಲಿ ಕಪಿಲೆಗೆ ಹಾಗೆ ಬಿಟ್ಟರೆ ಪಾಪ ಕಳೆಯಿತು ಎಂದು ನಂಬಿಕೆ. ಹೊಳೆಯಾದರೆ ತೆಗೆದುಕೊಂಡು ಹೋಗುತ್ತದೆ. ಈ ಸಮುದ್ರ ಸೀರೆಯನ್ನು ತಿರುಗಿಸಿ ತಂದು ಯಾರದೋ ಪುಟ್ಟ ಹುಡುಗಿಯ ಕಾಲಿಗೆ ಸುತ್ತಿತು. ಮಗು ಬಿದ್ದು, ಉಪ್ಪುನೀರು ಕುಡಿದು, ಅಳತೊಡಗಿತು.

ಬೀಚು ಕಾಯುವ ಗಾರ್ಡ್ ವಿಶಲ್ ಊದುತ್ತಾ ಬಂದು ಸೀರೆ ಎತ್ತಿ ಹಿಡಿದ. "ಇದು ಯಾರದ್ದು?" ಎಂದು ಹಿಂದಿಯಲ್ಲಿ ಕೇಳಿದ. ಎಲ್ಲರೂ ನಮ್ಮ ಕಡೆಯೇ ನೋಡಿದರು. ನಮ್ಮದಲ್ಲ ಎಂದು ನಾನು ತಲೆಯಾಡಿಸಿಬಿಟ್ಟೆ.

ಅವ್ವ ಕೈ ಎತ್ತಿದಳು. "ನಂದೇ ಕಣಪ್ಪ. ತಪ್ಪಾಯ್ತು."

ಅಳುತ್ತಿದ್ದ ಮಗುವಿನ ಮುಖವನ್ನು ಸೆರಗಿನಲ್ಲಿ ಒರೆಸಿ, ಸೀರೆ ಈಸಿಕೊಂಡು ನಡೆದಳು. ರೂಮಿಗೆ ಬಂದು ಸೀರೆ ಹಿಂಡುತ್ತಾ, ನನ್ನ ಮುಖ ನೋಡದೆ ಕೇಳಿದಳು: "ನನ್ ಪಾಪ ವಾಪಸ್ ಬಂತು, ಓಗ್ಲಿ ಬುಡು. ನಿಂದ್ನ ಎಲ್ ಬುಡ್ತೀಯ್ಲಾ?"

ಸೀರೆ ಬಾಲ್ಕನಿಯಲ್ಲಿ ಒಣಗುತ್ತಿದೆ. ಪಕ್ಕದಲ್ಲಿ ನನ್ನ ಒದ್ದೆ ಚಡ್ಡಿ. ಅದನ್ನು ಯಾವ ಹೊಳೆಗೆ ಬಿಡುವುದೋ ತಿಳಿಯದೆ ಇಲ್ಲಿ ಬರೆಯುತ್ತಾ ಕೂತಿದ್ದೇನೆ.