ಹಳದಿ ಟ್ಯಾಂಕು, ಹಸಿರು ಟ್ಯಾಂಕು

ಮಲ್ಕಾಜ್‌ಗಿರಿಯಲ್ಲಿ ಕರೆಂಟು ಹೋದರೆ ಸ್ಟೇಷನ್ನಿನ ಬೆಕ್ಕು ಕೂಡ ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ಅಂಥ ಕತ್ತಲಲ್ಲೂ ಹಂಪಯ್ಯನ ಮನೆಯ ಟಿವಿ ಮಾತ್ರ ಉರಿಯುತ್ತಲೇ ಇರುತ್ತಿತ್ತು. ಹನ್ನೆರಡು ವರ್ಷ ಅದು ಆರಲಿಲ್ಲ. ಮೂಸಿ ಹೊಳೆ ಹಿಂದಕ್ಕೆ ಹರಿದರೂ ಅದು ಆರುವುದಿಲ್ಲವೆಂದು ಓಣಿಯವರು ಬಾಜಿ ಕಟ್ಟಿದ್ದರು.

ಹಂಪಯ್ಯ ರಾಯಚೂರು ಕಡೆಯವನು. ರೈಲ್ವೆಯ ಸಿಗ್ನಲ್ ಬ್ಯಾಟರಿಗಳಿಗೆ ಮೂವತ್ತೆರಡು ವರ್ಷ ನೀರು ಕುಡಿಸಿದ್ದ. ಸಿಗ್ನಲ್ ದೀಪ ಒಂದು ಗಳಿಗೆಯೂ ಕಣ್ಣು ಮುಚ್ಚಬಾರದು ಎಂಬುದೊಂದೇ ಅವನ ಶಾಸ್ತ್ರ. ಮಗಳು ಸುವರ್ಣಾ ಸಣ್ಣವಳಿದ್ದಾಗ ಕೋಠಿಯ ಫುಟ್‌ಪಾತಿನಿಂದ ಟಿವಿಗೆ ಹಚ್ಚಿ ಆಡುವ ಒಂದು ವಿಡಿಯೋ ಗೇಮ್ ತಂದ. ಮಗಳಿಗೆ ಎಂಟು ದಿನದಲ್ಲಿ ಬೇಸರವಾಯಿತು. ಹೆಂಡತಿ ಗುರುದೇವಿಗೆ ಮಾತ್ರ ಕೊನೆಯವರೆಗೂ ಆಗಲಿಲ್ಲ.

ಟ್ಯಾಂಕಿನ ಆಟ. ಕೆಳಗೊಂದು ಕೋಟೆ, ಕಾಯಲು ಎರಡು ಟ್ಯಾಂಕು. ಹಳದಿ ಅವಳದು, ಹಸಿರು ಇವನದು. ಅವಳು ಗುಂಡು ಹಾರಿಸುವ ಸದ್ದಿಗೆ ಗಾರ್ಡು ಹಸಿರು ಬಾವುಟ ತೋರಿಸಿ ಗಾಡಿ ಬಿಟ್ಟನೆಂದು ಹಂಪಯ್ಯ ಹೇಳುತ್ತಿದ್ದ. ಅವಳಿಗೊಂದು ಚಟವಿತ್ತು. ವೈರಿಗಳನ್ನು ಬಿಟ್ಟು ಗಂಡನ ಟ್ಯಾಂಕಿಗೇ ಹಿಂದಿನಿಂದ ಗುಂಡು ಹೊಡೆಯುವುದು. ಹಾಗೆ ಹೊಡೆದರೆ ಅದು ಸಾಯುವುದಿಲ್ಲ, ನಿಂತಲ್ಲೇ ಮಿಣಮಿಣ ಅನ್ನುತ್ತದೆ, ಅಷ್ಟೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಒಂದು ಸಂಜೆ ಆಟದ ನಡುವೆ, ಆಟ ನಿಲ್ಲಿಸುವ ಪಾಜ್ ಬಟನ್ ಒತ್ತಿ ಎದ್ದಳು. "ಹಾಲು ಉಕ್ಕಾಕತ್ತೈತಿ, ನಿಂದರ್ರಿ. ನಾ ಬರೂತನಕ ಆಟಕ್ಕ ಕೈ ಹಚ್ಚಬ್ಯಾಡ್ರಿ ಮತ್ತ."

ಅಡುಗೆಮನೆಯಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದಾಗಲೂ ಟಿವಿಯಲ್ಲಿ ಎರಡು ಟ್ಯಾಂಕುಗಳು ನಿಂತೇ ಇದ್ದವು. ಸ್ವಿಚ್ಚು ಆರಿಸಿದರೆ ಆ ಗೇಮಿನ ಡಬ್ಬಿ ಎಲ್ಲ ಮರೆತುಬಿಡುತ್ತದೆ. ಹಂಪಯ್ಯ ಆರಿಸಲಿಲ್ಲ. ಲಾರಿ ಬ್ಯಾಟರಿ ತಂದು ಜೋಡಿಸಿದ. ಅಡಾಪ್ಟರ್ ಕಾದರೆ ಪಕ್ಕಕ್ಕೆ ಇನ್ನೊಂದನ್ನು ಬಿಗಿದು, ಆಮೇಲೆ ಹಳೆಯದನ್ನು ಬಿಚ್ಚುತ್ತಿದ್ದ. ಸಿಗ್ನಲ್ಲಿಗೂ ಹಾಗೇ ಮಾಡುತ್ತಿದ್ದ. ಏಳು ಟಿವಿ ಸತ್ತವು, ಡಬ್ಬಿ ಮಾತ್ರ ಬದುಕಿತ್ತು. ಗುರುವಾರ ಗುರುವಾರ ಜುಮ್ಮೇರಾತ್ ಬಜಾರಿನ ಗುಜರಿಯಿಂದ ಬಿಡಿಭಾಗಕ್ಕೆಂದು ಹಳೇ ಟಿವಿ, ಹಳೇ ಗೇಮು ಹೊತ್ತು ತಂದು ತಂದು, ಮನೆಯಲ್ಲಿ ಮಲಗಲು ಉಳಿದ ಜಾಗದಲ್ಲಿ ಇರುವೆ ಕೂಡ ಮಗ್ಗಲು ಬದಲಿಸುವಂತಿರಲಿಲ್ಲ. ಗುರುದೇವಿ ಆಟಕ್ಕೆ ಹಿಡಿಯುತ್ತಿದ್ದ ರಿಮೋಟು ಅವಳ ಫೋಟೋದ ಕೆಳಗೆ. ಅದನ್ನು ಯಾರೂ ಮುಟ್ಟುವಂತಿಲ್ಲ.

ನಾಚಾರಂನಲ್ಲಿ ಕೆಲಸಕ್ಕಿರುವ ಸುವರ್ಣಾ ಒಂದು ಭಾನುವಾರ ಮಧ್ಯಾಹ್ನ ಬಂದವಳೇ ಮೂಗು ಮುಚ್ಚಿಕೊಂಡಳು.

"ಅಪ್ಪಾ, ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲ!"

"ಮುಂಜಾನಿಂದ ಹಂಗ ಐತವ್ವಾ. ಒಳಗಿನ ಚಿಪ್ಪು ಹೊಂಟೈತಿ. ಅಡಾಪ್ಟರ್ ಬದಲಿ ಮಾಡಬಹುದು, ಎದಿ ಬದಲಿ ಮಾಡಾಕ ಬರಂಗಿಲ್ಲ."

ಪರದೆಯ ಮೇಲೆ ಇಟ್ಟಿಗೆಗಳು ಬೆಲ್ಲದ ಹಾಗೆ ಕರಗುತ್ತಿದ್ದವು. ಇನ್ನು ಹತ್ತು ನಿಮಿಷ ಬದುಕಿದರೆ ಹೆಚ್ಚು.

"ಹಿಂಗ ನಿಂತು ನಿಂತೇ ಸಾಯಬೇಕೇನು ಅದು? ಆಡಿಬಿಡಪಾ ಒಮ್ಮಿ. ಅವ್ವನೂ ಎಷ್ಟಂತ ಹಾದಿ ಕಾಯಬೇಕು?"

"ಕೈ ಹಚ್ಚಬ್ಯಾಡ ಅಂದಾಳ."

"ಬರೂತನಕ ಅಂದಾಳ, ಹೌದಿಲ್ಲೋ? ಹನ್ನೆರಡು ವರ್ಷ ಆತು!"

ಹಂಪಯ್ಯ ತನ್ನ ರಿಮೋಟು ಎತ್ತಿಕೊಂಡ. ಅದರಲ್ಲಿ ಪಾಜ್ ಬಿಡಿಸುವ ಬಟನ್ನೇ ಇಲ್ಲ; ಅದಿರುವುದು ಮೊದಲ ಆಟಗಾರನ ರಿಮೋಟಿನಲ್ಲಿ ಮಾತ್ರ. ಬಹಳ ಹೊತ್ತು ಫೋಟೋ ನೋಡಿದ. ತನ್ನದನ್ನು ಮಂಚದ ಮೇಲಿಟ್ಟು ಅವಳದನ್ನು ಕೈಗೆ ತೆಗೆದುಕೊಂಡ. ಬಟನ್ನುಗಳ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು.

ಒತ್ತಿದ.

ಹಳದಿ ಟ್ಯಾಂಕು ನಡೆಯಿತು. ವೈರಿ ಟ್ಯಾಂಕುಗಳು ಕೋಟೆಗೆ ನುಗ್ಗಿದವು. ಅವನು ತಡೆದ, ಒಂದನ್ನು ಹೊಡೆದ, ಎರಡನ್ನು ಹೊಡೆದ. ಅಷ್ಟರಲ್ಲಿ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಹಸಿರು ಟ್ಯಾಂಕು ಮೆಲ್ಲಗೆ ಮುಖ ತಿರುಗಿಸಿತು.

ಸುವರ್ಣಾ ಮಂಚದ ಮೇಲಿನ ರಿಮೋಟು ನೋಡಿದಳು. ಅದನ್ನು ಯಾರೂ ಹಿಡಿದಿರಲಿಲ್ಲ.

ಹಸಿರು ಟ್ಯಾಂಕು ಕೆಳಗಿಳಿದು ಬಂತು. ವೈರಿ ಪಕ್ಕದಲ್ಲೇ ಇದ್ದ, ಅವನನ್ನು ಬಿಟ್ಟಿತು. ಹಳದಿಯ ಹಿಂದೆ ಬಂದು ನಿಂತು ಒಂದೇ ಒಂದು ಗುಂಡು ಹಾರಿಸಿತು. ಹಳದಿ ಟ್ಯಾಂಕು ನಿಂತಲ್ಲೇ ಮಿಣಮಿಣ ಅಂದಿತು.

"ಚಟ ಹೋಗಿಲ್ಲ ನೋಡು ನಿಂದು!" ಹಂಪಯ್ಯ ಗಟ್ಟಿಯಾಗಿ ನಕ್ಕುಬಿಟ್ಟ. ಆ ಮನೆ ನಗುವನ್ನು ಕೇಳಿ ಹನ್ನೆರಡು ವರ್ಷವಾಗಿತ್ತು. ಅಟ್ಟದ ಮೇಲಿನ ಹಲ್ಲಿ ಬೆದರಿ ಬಿತ್ತು. ಡಬ್ಬಿಯಿಂದ ಎಳೆ ಹೊಗೆ ಎದ್ದಿತು. ಪರದೆ ಬೆಳ್ಳಗಾಗಿ, ಆಮೇಲೆ ಕಪ್ಪಾಯಿತು.

"ಅಪ್ಪಾ... ಆ ರಿಮೋಟು..." ಸುವರ್ಣಾ ಮಂಚದ ಕಡೆ ಬೆರಳು ತೋರಿಸಿದಳು.

"ರಬ್ಬರ್ ಹಳೇದಾಗೇತವ್ವಾ. ಬಟನ್ ತಾವ ಒತ್ತಿಕೊಂತಾವ."

ಹಾಗೆಂದವನು ಆ ರಿಮೋಟನ್ನು ಮಾತ್ರ ಮುಟ್ಟಲಿಲ್ಲ. ಮಂಚದ ಮೇಲೆ ತುಸು ಸರಿದು, ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ಕುಳಿತ.