ಕೆಂಪು ಕೊಕ್ಕಿನ ಕಾಗೆ

ಮೊನ್ನೆ ಭಾನುವಾರ ನನ್ನ ಮೊಮ್ಮಗಳು ಸಮುದ್ರದ ಕಡೆಯ ರಜೆ ಮುಗಿಸಿಕೊಂಡು ಬಂದಳು. ಬಂದವಳೇ ಕಾರಿನ ಡಿಕ್ಕಿಯಿಂದ ಒಂದು ಹಳೇ ಟವೆಲ್ ತೆಗೆದು ಅಡುಗೆಮನೆಯ ಬಾಗಿಲ ಬಳಿ ಎಸೆದು, ನಾಯಿಮರಿಯನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದಳು. ವಾಷಿಂಗ್ ಮೆಷಿನ್ನಿಗೆ ಹಾಕೋಣವೆಂದು ನಾನು ಆ ಟವೆಲ್ ಎತ್ತಿದೆ. ಒದ್ದೆ ನಾಯಿಯ ವಾಸನೆ. ಅದರೊಳಗೆ ಉಪ್ಪು, ಮರಳು, ಪಾಚಿ… ಮೆಷಿನ್ನಿನವರೆಗೆ ಹೋಗಲೇ ಇಲ್ಲ ನಾನು. ಟವೆಲ್ಲನ್ನು ಮೂಗಿಗೆ ಹಿಡಿದುಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ.

"ಅಜ್ಜಿ, ದಟ್ ಸ್ಟಿಂಕ್ಸ್!" ಎಂದಳು ಮೊಮ್ಮಗಳು, ಕಿಟಕಿಯಿಂದ.

ನಾರಲಿ. ನನಗಾದ ಸಂತೋಷ ಅವಳಿಗೇನು ಗೊತ್ತು! ಡ್ರೈವಿಂಗ್ ಪಾಸಾದ ಮೇಲೆ ಅವಳೇ ಕಾರು ಓಡಿಸಿಕೊಂಡು ಹೋದ ಮೊದಲ ಪ್ರವಾಸ ಅದು. ಅವಳ ವಯಸ್ಸಿನ ಮಕ್ಕಳು ಸ್ಪೇನು, ಗ್ರೀಸು ಎಂದು ವಿಮಾನ ಹತ್ತುತ್ತವೆ. ಇವಳು ನಾಯಿಮರಿಯನ್ನು ಹಿಂದೆ ಕೂರಿಸಿಕೊಂಡು ಪೆಂಬ್ರೋಕ್‌ಷೈರಿಗೆ ಹೋದಳು, ವೇಲ್ಸಿನ ಆ ಕಟ್ಟಕಡೆಯ ತುದಿಗೆ. ಯಾರೂ ಹೇಳಿಕೊಟ್ಟದ್ದಲ್ಲ. ಖುಷಿ ಒಳಗೆ ಹಿಡಿಯದೆ ನಾನು ಲಂಡನ್ನಿನ ಆ ತುದಿಯ ಈಸ್ಟ್ ಹ್ಯಾಮಿನ ಹಳೇ ಗೆಳತಿಗೆ ಫೋನು ಮಾಡಿ ಹೇಳಿದೆ. ಕುಂದಾಪುರಕ್ಕೆ ಮಾಡಿ ನಾದಿನಿಗೆ ಹೇಳಿದೆ. ಹಾಲು ತರಲು ಹೋದಾಗ ಅಂಗಡಿಯ ಹುಡುಗಿಗೂ ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಯಾರಿಗೆ ಮೊದಲು ಹೇಳಬೇಕಿತ್ತೋ ಅವರಿಗೆ ಮಾತ್ರ ಹೇಳಲಾಗಲಿಲ್ಲ…

ಅವರು ನಮ್ಮ ಪಕ್ಕದ ಮನೆಯಲ್ಲಿದ್ದರು. ಧಾರವಾಡದವರು, ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಾಗಿದ್ದು ರಿಟೈರಾದವರು. ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆ ಮನೆಯಲ್ಲಿ ಇದ್ದದ್ದು ಅವರು ಮತ್ತು ಎರಡು ನಾಯಿ. ಕಂದು ಬಣ್ಣದ ದೊಡ್ಡದಕ್ಕೆ ಪೇಡಾ ಎಂದು ಹೆಸರು. ಬಿಳಿ ಮೈಮೇಲೆ ಅಲ್ಲಲ್ಲಿ ಚುಕ್ಕೆ ಚೆಲ್ಲಿದಂತಿದ್ದ ಸಣ್ಣದು ಚುರುಮುರಿ. ಅವರಿಗೆ ಮದುವೆಯಾಗಿತ್ತೋ ಇಲ್ಲವೋ, ಮಕ್ಕಳೇಕಿಲ್ಲ, ಇದೆಲ್ಲ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಾನು ಲಂಡನ್ನಿನ ಈ ತುದಿಗೆ, ಸ್ಟ್ಯಾನ್ಮೋರಿಗೆ ಬಂದದ್ದು ನಮ್ಮನೆಯವರು ತೀರಿಕೊಂಡ ಮೇಲೆ. ಅವರು ಈಸ್ಟ್ ಹ್ಯಾಮಿನ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಹೋಟೆಲಿನ ಮೇಲಿನ ಫ್ಲಾಟಿನಲ್ಲೇ ನಮ್ಮ ಸಂಸಾರ. ಕಿಟಕಿ ತೆರೆದರೆ ಸೀರೆ ಅಂಗಡಿ, ತರಕಾರಿ, ಜನ, ಗಲಾಟೆ, ಎಲ್ಲವೂ ಕಣ್ಣೆದುರು. ಅವರು ಹೋದ ಮೇಲೆ ಮಗ ತನ್ನ ಮನೆಗೆ ಕರೆದುಕೊಂಡು ಬಂದ. ಒಳ್ಳೆಯ ಮನೆ, ಒಳ್ಳೆಯ ಬೀದಿ. ಆದರೆ ಬೆಳಿಗ್ಗೆ ಮಗ ಪಾರ್ಕ್ ರಾಯಲ್ಲಿನ ಗೋದಾಮಿನ ಕೆಲಸಕ್ಕೆ, ಸೊಸೆ ಆಫೀಸಿಗೆ, ಮೊಮ್ಮಗಳು ಶಾಲೆಗೆ ಹೋದರೆ ಮುಗಿಯಿತು. ಆ ಬೀದಿಯಲ್ಲಿ ಸದ್ದು ಮಾಡುವುದು ಪೋಸ್ಟಿನವನು ಮಾತ್ರ. ಮಧ್ಯಾಹ್ನ ಒಬ್ಬಳೇ ಕೂತು ತಟ್ಟೆಯಲ್ಲಿ ಅನ್ನ ಕಲಸುತ್ತ, ಇದು ನನ್ನ ಬಾಯಿಯೇ, ಇದರಲ್ಲಿ ಮಾತು ಇತ್ತೇ ಎಂದು ಅನುಮಾನ ಬರುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಬೇಲಿಯ ಆಚೆಯಿಂದ ಒಂದು ದನಿ.

"ಊಟಾ ಆತೇನ್ರೀ ಅಕ್ಕಾರ?"

ದಿನಾ ಅಷ್ಟೇ ಮಾತು. "ಆಯ್ತ್ ಡಾಕ್ಟ್ರಮ್ಮ" ಎನ್ನುತ್ತಿದ್ದೆ. ಹತ್ತಿರ ಹೋಗುತ್ತಿರಲಿಲ್ಲ, ನನಗೆ ನಾಯಿ ಎಂದರೆ ಜೀವಭಯ. ಜೊತೆಗೆ ಮೈಲಿಗೆ ಬೇರೆ. ಅವು ಬೇಲಿ ಸಂದಿಯಲ್ಲಿ ಮೂಗು ತೂರಿಸಿದರೆ ನಾನು ಸೆರಗು ಎಳೆದುಕೊಂಡು ಒಳಗೆ. ಅವರು ಗದರುವುದು ಕೇಳಿಸುತ್ತಿತ್ತು, "ಏ ಪೇಡಾ, ಬಾರಲೇ ಮಗನ, ಸುಮ್ಕ ಕುಂದ್ರು." ನಾಯಿಗಳ ಹತ್ತಿರ ಅವರು ಇಂಗ್ಲಿಷಿನಲ್ಲಿ ಒಂದು ಶಬ್ದವನ್ನೂ ಆಡಿದ್ದು ನಾನು ಕಾಣೆ.

ನಮ್ಮನೆಯವರ ವರ್ಷದ ತಿಥಿ ಹತ್ತಿರ ಬಂತು. ಮಗ ದೇವಸ್ಥಾನದ ಭಟ್ಟರಿಗೆ ಹೇಳಿ ಎಲ್ಲ ಗೊತ್ತು ಮಾಡಿದ್ದ. ನನ್ನದು ಒಂದೇ ಆಸೆ, ಅವರಿಗೆ ಇಷ್ಟವಾದದ್ದು ಮಾಡಿ, ಬಾಳೆಲೆಯಲ್ಲಿ ಬಡಿಸಿ ಕಾಗೆಗೆ ಇಡಬೇಕು. ಕಾಗೆ ಮುಟ್ಟಿದ ಮೇಲೆ ನಾವು ಉಣ್ಣಬೇಕು. ನಮ್ಮ ಕಡೆ ಅದಿಲ್ಲದೆ ತಿಥಿ ಮುಗಿಯುವುದಿಲ್ಲ. ಮಗ ತಲೆ ಕೆರೆದುಕೊಂಡ. "ಅಮ್ಮಾ, ಹಿತ್ತಲಲ್ಲಿ ಅನ್ನ ಇಟ್ರೆ ಇಲಿ ಬರ್ತವೆ. ಹಿಂದಿನ ಮನೆಯವ್ರು ಕೌನ್ಸಿಲ್‌ಗೆ ಕಂಪ್ಲೇಂಟ್ ಮಾಡ್ತಾರೆ." ಅವನು ಹೇಳಿದ್ದು ಸುಳ್ಳಲ್ಲ. ಆದರೂ ಮರುದಿನ ಬೇಲಿಯ ಬಳಿ ಊಟ ಆಯ್ತೇ ಎಂದು ಕೇಳಿದಾಗ ನನಗೆ ಆಯ್ತ್ ಎನ್ನಲು ಬರಲಿಲ್ಲ, ಅಳು ಬಂತು.

ಡಾಕ್ಟ್ರಮ್ಮ ಎಲ್ಲ ಕೇಳಿಸಿಕೊಂಡರು. ಅವರಿಗೆ ದೇವರು ದಿಂಡರಲ್ಲಿ ನಂಬಿಕೆ ಇರಲಿಲ್ಲ.

"ಕಾಗಿ ಬೇಕಲ್ರೀ ನಿಮಗ? ಮುಂದಿನ ವಾರ ನಾ ಇವನ್ನ ಕಟಗೊಂಡು ಸಮುದ್ರದ ಕಡೆ ಹೊಂಟೀನಿ. ಅಲ್ಲೇನ್ ಕಾಗಿಗೆ ಕಮ್ಮಿ ಇಲ್ಲ. ಬರ್ರಿ ನನ್ನ ಜೋಡಿ."

"ನಾನ್ ಬಪ್ಪುದಾ? ನಾಯಿ ಒಟ್ಟಿಗಾ?"

"ಯಾಕ, ನಿಮ್ಮನ್ನ ತಿಂತಾವೇನ್? ಮಂದೀಕಿಂತ ಛಲೋ ಅದಾವ ಅವು."

ತಿಥಿಯ ದಿನ ದೇವಸ್ಥಾನದ್ದು ಮಗ ನೋಡಿಕೊಳ್ಳುವುದು, ಎಲೆ ನಾನು ಅಲ್ಲಿ ಇಡುವುದು ಎಂದಾಯಿತು. ಹೀಗೆ ನಾನು ಹೊರಟೆ. ಈಸ್ಟ್ ಹ್ಯಾಮಿನಿಂದ ತರಿಸಿದ ಬಾಳೆಲೆ ಒದ್ದೆ ಬಟ್ಟೆಯಲ್ಲಿ, ಕುಚ್ಚಲಕ್ಕಿ ಒಂದು ಚೀಲದಲ್ಲಿ, ಹುರುಳಿ ಒಂದು ಡಬ್ಬಿಯಲ್ಲಿ. ಪೆಂಬ್ರೋಕ್‌ಷೈರ್, ನ್ಯಾಷನಲ್ ಪಾರ್ಕ್ ಎಂದು ಅವರು ಹೇಳಿದ್ದಕ್ಕೆ ನಾನು ಬೆಂಚು, ಜಾರುಬಂಡಿ, ಹೂವಿನ ಪಾತಿ ಎಂದೆಲ್ಲ ಎಣಿಸಿದ್ದೆ. ದಾರಿಯುದ್ದಕ್ಕೂ ಪೇಡಾ ಹಿಂದಿನ ಸೀಟಿನಿಂದ ನನ್ನ ಭುಜದ ಮೇಲೆ ಗಲ್ಲ ಇಟ್ಟು ಬಿಸಿ ಉಸಿರು ಬಿಡುತ್ತಿತ್ತು. ನಾನು ಕಣ್ಣು ಮುಚ್ಚಿ ರಾಮ ರಾಮ ಎನ್ನುತ್ತಿದ್ದೆ. ಕಣ್ಣು ಬಿಟ್ಟಾಗ ಎದುರಿಗೆ ಸಮುದ್ರ.

ಪಾರ್ಕೂ ಇಲ್ಲ, ಬೆಂಚೂ ಇಲ್ಲ. ಕಣ್ಣು ಹಾಯುವಷ್ಟು ದೂರ ಕರಾವಳಿಯೇ ಪಾರ್ಕು. ಬಂಡೆ, ಬಂಡೆಯ ಮೇಲೆ ಹುಲ್ಲು, ಹುಲ್ಲಿನ ನಡುವೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಕಾಲುದಾರಿ. ಕೆಳಗೆ ನೀರು. ನಮ್ಮೂರಿನ ಸಮುದ್ರದ ಬಣ್ಣ ಅಲ್ಲ ಅದು, ಬೂದಿ ಕಲಸಿದ ಹಸಿರು. ಆದರೆ ಸದ್ದು ಅದೇ… ಮದುವೆಯಾಗಿ ಹೊಸತರಲ್ಲಿ ನಾವಿಬ್ಬರೂ ಕೇಳಿಕೊಂಡು ಮಲಗುತ್ತಿದ್ದ ಸದ್ದು.

ಸಂಜೆ ನಾಯಿಗಳನ್ನು ನೀರಿಗೆ ಬಿಡಲು ಇಳಿದೆವು. ಬೇಸಿಗೆಯಾದ್ದರಿಂದ ಆ ಬೀಚಿನ ಒಂದು ಪಾಲಿಗೆ ನಾಯಿ ಬಿಡುವಂತಿಲ್ಲ ಎಂದು ಬೋರ್ಡು ಹಾಕಿದ್ದರು. ಬೋರ್ಡಿನ ಆ ಕಡೆ ಸಂಸಾರಗಳು, ಮಕ್ಕಳು, ಬಣ್ಣದ ಬಕೆಟ್ಟು, ನಗು. ಈ ಕಡೆ ನಾಯಿಗಳು ಮತ್ತು ನಾಯಿ ತಂದವರು. ನಾನು ಆ ಕಡೆಯನ್ನೇ ನೋಡುತ್ತಿದ್ದೆ.

"ಮಂದಿ ಕಡೆ ನಮಗೇನ್ ಕೆಲಸರೀ?" ಎಂದರು ಡಾಕ್ಟ್ರಮ್ಮ. "ನಮ್ಮ ಸೀಟ್ ಈ ಕಡೆನ." ಹೇಳಿ ನಕ್ಕರು. ನಕ್ಕು ಚುರುಮುರಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡರು. ವರ್ಷ ವರ್ಷವೂ ಇವರು ಇಲ್ಲಿಗೆ ಬಂದು ಹೀಗೇ ಈ ಕಡೆ ಕೂತಿರುತ್ತಾರಲ್ಲ ಎಂದು ನನಗೆ ಹೊಳೆದದ್ದು ಆಗ. ಪೇಡಾ ನೀರಿನಿಂದ ಬಂದು ನಮ್ಮಿಬ್ಬರ ನಡುವೆ ಮೈ ಕೊಡವಿತು.

ಮರುದಿನ ತಿಥಿ. ನಸುಕಿನಲ್ಲೇ ಎದ್ದು ಡಾಕ್ಟ್ರಮ್ಮ ರಜೆಗೆಂದು ಹಿಡಿದಿದ್ದ ಬಾಡಿಗೆ ಮನೆಯ ಸಣ್ಣ ಒಲೆಯಲ್ಲಿ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಹೆಸರುಬೇಳೆ ಪಾಯಸ, ಉದ್ದಿನ ವಡೆ ಮಾಡಿದೆ. ದಿನಾ ಊರಿಗೆಲ್ಲ ದೋಸೆ ಹೊಯ್ದು ಕೊಟ್ಟು ಬರುವ ಮನುಷ್ಯನಿಗೆ ಮನೆಯಲ್ಲಿ ಹುರುಳಿ ಸಾರಿನ ಅನ್ನವೇ ಆಗಬೇಕಿತ್ತು. ಸೀರೆಯ ಮೇಲೆ ಡಾಕ್ಟ್ರಮ್ಮನ ಮಳೆಕೋಟು, ಕಾಲಿಗೆ ಅವರದೇ ರಬ್ಬರ್ ಬೂಟು ಹಾಕಿಕೊಂಡು, ಮನೆಯ ಮುಂದಿನ ಬಂಡೆಯ ಮೇಲೆ ಎಲೆ ಹಾಸಿ, ಗಾಳಿಗೆ ಹಾರದಂತೆ ಮೂಲೆಗೆ ಕಲ್ಲಿಟ್ಟು ಬಡಿಸಿದೆ. ದೂರ ಬಂದು ಕೂತು "ಕಾ ಕಾ" ಎಂದು ಕರೆದೆ.

ಬಂದದ್ದು ಕಡಲಹಕ್ಕಿಗಳು. ಬೆಕ್ಕಿನಷ್ಟು ಗಾತ್ರದವು, ಕಣ್ಣಲ್ಲೇ ಕಳ್ಳತನ. ಡಾಕ್ಟ್ರಮ್ಮ ಚುರುಮುರಿಯ ಹಗ್ಗ ಸಡಿಲ ಬಿಟ್ಟರು. ಅದು ಬೊಗಳಿದ ಬೊಗಳಿಗೆ ಹಕ್ಕಿಗಳು ಸಮುದ್ರ ದಾಟಿರಬೇಕು. ಪೇಡಾ ವಡೆಯನ್ನೇ ನೋಡುತ್ತ ಬಾಯಿಂದ ನೂಲಿನಂತೆ ಜೊಲ್ಲು ಇಳಿಸುತ್ತಿದ್ದರೂ ಎದ್ದು ಹೋಗಲಿಲ್ಲ. ಹೊತ್ತು ಏರಿತು. ಡಾಕ್ಟ್ರಮ್ಮನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಂಡು ಗುಳಿಗೆ ನುಂಗಬೇಕು. "ನೀವ್ ಉಂಡ್ಕಣಿ ಡಾಕ್ಟ್ರಮ್ಮ" ಎಂದೆ. ಅವರು ಅಲುಗಾಡಲಿಲ್ಲ.

ಆಮೇಲೆ ಬಂದವು ಎರಡು ಕಪ್ಪು ಹಕ್ಕಿ. ಬಂದವಲ್ಲ ಕಾಗೆ ಎಂದುಕೊಂಡೆ. ಹತ್ತಿರ ಇಳಿದಾಗ ನೋಡುತ್ತೇನೆ, ಕೊಕ್ಕು ಕೆಂಪು, ಕಾಲೂ ಕೆಂಪು! ಕುಂಕುಮದಲ್ಲಿ ಅದ್ದಿ ತೆಗೆದ ಹಾಗೆ.

"ಡಾಕ್ಟ್ರಮ್ಮ, ಇದ್ ಕಾಗಿಯಾ?"

"ಕಾಗಿನ ಅದು. ಪ್ಯಾಟಿಗೆ ಹೊಂಟೈತಿ, ಲಿಪ್‌ಸ್ಟಿಕ್ ಹಚ್ಗೊಂಡೈತಿ ಅಷ್ಟ."

ನನಗೆ ನಗು ಬರಲಿಲ್ಲ. ಅವು ಎಲೆಯ ಸುತ್ತ ನಡೆದವು, ಹುಲ್ಲು ಕೆದಕಿದವು, ಎಲೆ ಮುಟ್ಟಲಿಲ್ಲ. ಸತ್ತವರಿಗೆ ಏನಾದರೂ ಆಸೆ ಉಳಿದಿದ್ದರೆ ಕಾಗೆ ಹೀಗೆ ಮಾಡುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಆ ಆಸೆ ಯಾವುದೆಂದು ಊಹಿಸಿ, ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ನಾನು ಎದ್ದು ನಿಂತು ಕೈ ಮುಗಿದೆ. ಮಗನನ್ನು ನೋಡಿಕೊಳ್ಳುತ್ತೇನೆ ಎಂದೆ. ಊರಿಗೆ ಹೋಗಿ ನಿಮ್ಮ ತಂಗಿಯನ್ನು ಮಾತಾಡಿಸಿ ಬರುತ್ತೇನೆ ಎಂದೆ. ಮೊಮ್ಮಗಳನ್ನು ಓದಿಸುತ್ತೇವೆ ಎಂದೆ. ಏನು ಹೇಳಿದರೂ ಅವು ಹುಲ್ಲೇ ಕೆದಕಿದವು. ಇನ್ನು ಹೇಳಲು ಏನೂ ತೋಚದೆ ಮತ್ತೆ ಹೋಗಿ ಕೂತೆ. ಇಷ್ಟು ವರ್ಷ ಜೊತೆಗಿದ್ದು ಅವರ ಮನಸ್ಸಿನಲ್ಲಿದ್ದದ್ದು ನನಗೆ ತಿಳಿಯದೇ ಹೋಯಿತೇ…

ಡಾಕ್ಟ್ರಮ್ಮ ವಿಷಯ ಏನೆಂದು ಕೇಳಿದರು. ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಸಮುದ್ರದ ಕಡೆ ನೋಡಿ ಗಟ್ಟಿಯಾಗಿ ಮಾತಾಡಿದರು.

"ಯಜಮಾನ್ರ, ನಾ ನಿಮ್ಮ ಮಗನ ಮನಿ ಬಾಜೂದಾಕಿ. ನೀವು ನನ್ನ ನೋಡಿಲ್ಲ. ನಿಮ್ಮ ಹೆಂಡತಿ ದಿನಾ ಮಧ್ಯಾಹ್ನ ಒಬ್ಬಾಕಿನ ಕೂತು ಗ್ವಾಡಿ ನೋಡ್ತಾರ, ಅದ ಅಲ್ಲೇನ್ ನಿಮ್ಮ ಚಿಂತಿ? ನಾ ಇರೂತನಕ ಅವ್ರನ್ನ ಒಬ್ಬಾಕಿನ್ನ ಬಿಡೂದಿಲ್ಲ. ಸಾಕಲ್ಲ? ಲಗೂನ ಉಣ್ರಿ ಇನ್ನ, ನನ್ನ ಗುಳಿಗಿ ಹೊತ್ತಾತು."

ಎರಡರಲ್ಲಿ ಸಣ್ಣದು ಅಡ್ಡಡ್ಡ ಹೆಜ್ಜೆ ಹಾಕುತ್ತ ಬಂತು. ಕುತ್ತಿಗೆ ಓರೆ ಮಾಡಿ ನೋಡಿತು. ವಡೆಯೊಂದನ್ನು ಆ ಕೆಂಪು ಕೊಕ್ಕಿನಲ್ಲಿ ಕಚ್ಚಿಕೊಂಡು ಬಂಡೆಯಾಚೆ ಹಾರಿತು.

ನಾನು ಅತ್ತ ಹಾಗೆ ನಮ್ಮನೆಯವರು ಹೋದ ದಿನವೂ ಅತ್ತಿರಲಿಲ್ಲ. ಎಲೆಯಲ್ಲಿ ಉಳಿದದ್ದನ್ನು ಪೇಡಾ ಮತ್ತು ಚುರುಮುರಿ ನೆಕ್ಕಿ ಮುಗಿಸಿದವು. ತಿಂದು ಬಂದ ಪೇಡಾ ನನ್ನ ಮಡಿಲಿನಲ್ಲಿ ತಲೆ ಇಟ್ಟಿತು. ಬೆಳಿಗ್ಗೆ ನೀರಿಗೆ ಹೋಗಿ ಬಂದಿತ್ತು, ಮೈಯೆಲ್ಲ ಒದ್ದೆ. ನಾನು ಮೊದಲ ಸಲ ಒಂದು ನಾಯಿಯ ತಲೆಯ ಮೇಲೆ ಕೈ ಇಟ್ಟೆ. ಆ ವಾಸನೆಯೇ ಮೊನ್ನೆ ಟವೆಲ್ಲಿನಲ್ಲಿ ಇದ್ದದ್ದು.

ಆದರೂ ಮನಸ್ಸಿನ ಒಂದು ಮೂಲೆಯಲ್ಲಿ ಸಂಶಯ. ಸಂಜೆ ನಾದಿನಿಗೆ ಫೋನು ಮಾಡಿ, ಕೆಂಪು ಕೊಕ್ಕಿನ ಕಾಗೆ ಮುಟ್ಟಿದರೆ ಸಲ್ಲುತ್ತದೆಯೇ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ ಹೇಳಿದಳು, "ಅಲ್ ಜನ್ವೇ ಕೆಂಪ್ ಅಲ್ದಾ, ಕಾಕಿ ಕೊಕ್ಕ್ ಕೆಂಪಾದ್ರೆ ಎಂತ ಆಯ್ತ್ ಮರಾಯ್ತಿ?" ಡಾಕ್ಟ್ರಮ್ಮ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊಟ್ಟ ಮಾತನ್ನು ಅವರು ಅಕ್ಷರಕ್ಕೆ ಅಕ್ಷರ ನಡೆಸಿದರು. ಅಲ್ಲಿಂದ ಮುಂದೆ ನನಗೆ ಒಂಟಿ ಮಧ್ಯಾಹ್ನ ಎನ್ನುವುದೇ ಇರಲಿಲ್ಲ. ಅವರು ಬೇಲಿಯಾಚೆ ನಿಂತು ಕೇಳುವುದು ಬಿಟ್ಟು ನಾಯಿಗಳ ಸಮೇತ ಅಡುಗೆಮನೆಗೇ ಬರುತ್ತಿದ್ದರು. ನನ್ನ ಸಾರಿಗೆ ಖಾರ ಕಮ್ಮಿ ಎಂದು ದಿನಾ ಹಂಗಿಸಿ, ದಿನಾ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಶಾಲೆಯಿಂದ ಬಂದ ಮೊಮ್ಮಗಳು ನಾಯಿಗೆ "ಸಿಟ್, ಸಿಟ್" ಎಂದರೆ, "ಇವಕ್ಕ ಇಂಗ್ಲಿಷ್ ಬರೂದಿಲ್ಲವ್ವಾ, ಧಾರವಾಡದ ನಾಯಿ ಇವು" ಎನ್ನುತ್ತಿದ್ದರು. ನಾಯಿ ಹುಟ್ಟಿದ್ದು ಇಲ್ಲೇ ಹತ್ತಿರದ ವಾಟ್‌ಫರ್ಡಿನಲ್ಲಿ. ಮಗು ನಂಬಿತು. ನನಗೆ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಪೇಡಾನ ಮುಂದೆ ಮಂಡಿಯೂರಿ "ಸುಮ್ಕ ಕುಂದ್ರಲೇ" ಎನ್ನುವುದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಮತ್ತೊಂದು ಬೇಸಿಗೆಗೆ ಅವಳನ್ನೂ ಕಟ್ಟಿಕೊಂಡು ಅದೇ ಸಮುದ್ರಕ್ಕೆ ಹೋದೆವು, ಬೋರ್ಡಿನ ಈ ಕಡೆಯೇ ಕೂತೆವು.

ಮೊದಲು ಚುರುಮುರಿ ಹೋಯಿತು. ಆಮೇಲೆ ಡಾಕ್ಟ್ರಮ್ಮ ಮಲಗಿದರು… ಆಸ್ಪತ್ರೆಯಲ್ಲಿ ನಾನು ಅವರ ಕೈ ಹಿಡಿದುಕೊಂಡು ಕೂತಿದ್ದಾಗ ಕಣ್ಣು ತೆರೆದು, "ಇರೂತನಕ ಅಂತ ಅವತ್ತ ಹೇಳಿದ್ನೆಲ್ಲ ಅಕ್ಕಾರ… ಲೆಕ್ಕಾ ಹಾಕೇ ಹೇಳಿದ್ದೆ" ಎಂದರು. ತುಟಿಯ ಮೂಲೆಯಲ್ಲಿ ನಗು ಇತ್ತು. ಪೇಡಾನನ್ನು ಅವರ ಜೊತೆ ಕೆಲಸ ಮಾಡಿದವರೊಬ್ಬರು ದೂರದ ಊರಿಗೆ ಕರೆದುಕೊಂಡು ಹೋದರು. ಆ ಮನೆಗೆ ಬೇರೆಯವರು ಬಂದರು, ಬೇಲಿ ತೆಗೆದು ಎತ್ತರದ ಹಲಗೆ ಹೊಡೆಸಿದರು. ಆಚೆ ಏನೂ ಕಾಣುವುದಿಲ್ಲ ಈಗ.

ಡಾಕ್ಟ್ರಮ್ಮನ ಹೆಸರಿನಲ್ಲಿ ಎಲೆ ಇಡುವವರು ಯಾರಿದ್ದಾರೆ? ಒಂದು ವರ್ಷ ನಾನೇ ಹಿತ್ತಲಲ್ಲಿ ಇಟ್ಟೆ, ಖಾರ ಮುಂದಾಗಿ ಹಾಕಿ. ಮಗ ನೋಡಿ ಸುಮ್ಮನಾದ. ಯಾವ ಕಾಗೆಯೂ ಬರಲಿಲ್ಲ. ಏನು ಮಾತು ಕೊಡಬೇಕೆಂದು ನನಗೆ ಹೊಳೆಯಲೂ ಇಲ್ಲ. ಅವರಿಗೆ ಏನು ಬೇಕಿತ್ತು ಎಂದು ಕೇಳಿ ಇಟ್ಟುಕೊಳ್ಳಲಿಲ್ಲ ನಾನು.

ಟವೆಲ್ ಮಡಿಲಲ್ಲಿಟ್ಟುಕೊಂಡು ಇಷ್ಟೆಲ್ಲ ನೆನೆಯುತ್ತ ಕೂತಿದ್ದೆ. ಹೊರಗೆ ಮೊಮ್ಮಗಳು ನಾಯಿಮರಿಯ ಕಾಲಿನ ಮರಳು ತೊಳೆಯುತ್ತಿದ್ದಳು. ಇವಳಿಗೆ ಈಗ ಇಪ್ಪತ್ತು ದಾಟಿದೆ. ಆ ಮರಿಗೆ ಅವಳು ಇಟ್ಟ ಹೆಸರೂ ಪೇಡಾ. ಬಟ್ಟಲಿಗೆ ಊಟ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಸೊಂಟದ ಮೇಲೆ ಕೈ ಇಟ್ಟು ಅದನ್ನು ಕೇಳಿದಳು. ಅದೇ ಎಳೆತ, ಕೊನೆಯಲ್ಲಿ ಅದೇ ಏರು ದನಿ.

"ಊಟಾ ಆತೇನಲೇ?"

ಕೇಳಿದ್ದು ನಾಯಿಯನ್ನು. ಒಳಗಿನಿಂದ ನಾನು "ಆಯ್ತ್ ಡಾಕ್ಟ್ರಮ್ಮ" ಎಂದುಬಿಟ್ಟೆ.